ಹಳೆಯ ಎಟಿವಿಗಳ ಕಾರ್ಬೊರೇಟರ್ ದೋಷಗಳು

ಎಟಿವಿ ಎಂದರೆ ಅಗಲವಾದ, ಕಡಿಮೆ ಗಾಳಿ ತುಂಬಿದ ಟೈರುಗಳ ಮೇಲೆ ಮಣ್ಣು, ಮರಳು, ಕೆಸರು, ಹಿಮ ಎನ್ನದೆ ಓಡುವ ಸಣ್ಣ ವಾಹನ. ಬೈಕಿನಂತೆ ಕಾಲು ಅಗಲಿಸಿ ಕೂತು, ಹ್ಯಾಂಡಲ್ ಹಿಡಿದು, ಬಲಗೈ ಹೆಬ್ಬೆರಳಿನಿಂದ ಥ್ರಾಟಲ್ ಒತ್ತಿ ಓಡಿಸಬೇಕು. ಹೋಂಡಾ ಕಂಪನಿ 1970ರಲ್ಲಿ ಅಮೆರಿಕದ ಮಾರುಕಟ್ಟೆಗೆ ಮೂರು ಚಕ್ರದ, ಸುಮಾರು 90 ಸಿಸಿಯ ಗಾಡಿಯನ್ನು ತಂದಿತು. 1980ರ ದಶಕದ ಆರಂಭದಲ್ಲಿ ಸುಜುಕಿಯ ಕ್ವಾಡ್‌ರನ್ನರ್ 125 ನಾಲ್ಕು ಚಕ್ರದ ಮಾದರಿಗೆ ದಾರಿ ಮಾಡಿತು. ಸುಲಭವಾಗಿ ಮಗುಚಿಕೊಳ್ಳುತ್ತಿದ್ದ ಮೂರು ಚಕ್ರದ ಗಾಡಿಗಳ ಮಾರಾಟ 1988ರಲ್ಲಿ ತಯಾರಕರು ಸರ್ಕಾರದೊಂದಿಗೆ ಮಾಡಿಕೊಂಡ ಒಪ್ಪಂದದಿಂದ ಅಮೆರಿಕದಲ್ಲಿ ನಿಂತಿತು. ಆ ವರ್ಷವೇ ಬಂದು 2000ದವರೆಗೆ ತಯಾರಾದ ಹೋಂಡಾ ಫೋರ್‌ಟ್ರಾಕ್ಸ್ 300, ಅದರ ಜೊತೆಗೆ ಯಮಹಾ ಬ್ಯಾನ್‌ಶೀ, ಪೊಲಾರಿಸ್ ಸ್ಪೋರ್ಟ್ಸ್‌ಮನ್ 500 ಮುಂತಾದವು ಅಲ್ಲಿನ ಹೊಲ, ಕಾಡು, ಮರಳುದಿಬ್ಬಗಳಲ್ಲಿ ಇಂದಿಗೂ ಓಡುತ್ತಿವೆ. ಇಂಧನ ಇಂಜೆಕ್ಷನ್ ಈ ವರ್ಗಕ್ಕೆ ವ್ಯಾಪಕವಾಗಿ ಬಂದದ್ದು 2005ರ ಆಸುಪಾಸಿನಲ್ಲಿ. ಅದಕ್ಕೂ ಹಿಂದಿನ ಗಾಡಿಗಳಲ್ಲಿ ಇರುವುದು ಬಹುಪಾಲು ಕೈಹಿನ್ ಅಥವಾ ಮಿಕುನಿ ಕಂಪನಿಯ, ಗಾಳಿಗೆ ಪೆಟ್ರೋಲು ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬೊರೇಟರು.

ಬೈಕಿನ ಕಾರ್ಬೊರೇಟರಿಗೂ ಇದಕ್ಕೂ ರಚನೆಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ, ವ್ಯತ್ಯಾಸವಿರುವುದು ಬಾಳುವೆಯಲ್ಲಿ. ಬೈಕು ದಿನವೂ ಓಡುತ್ತದೆ. ಎಟಿವಿ ಬೇಟೆಯ ಋತುವಿನಲ್ಲೋ ಹಿಮ ಸರಿಸುವಾಗಲೋ ಓಡಿ, ಉಳಿದ ತಿಂಗಳುಗಳಲ್ಲಿ ಕೊಟ್ಟಿಗೆಯ ಮೂಲೆಯಲ್ಲಿ ನಿಲ್ಲುತ್ತದೆ. ಓಡುವಾಗ ಧೂಳು, ಹಳ್ಳದ ನೀರು, ಕಡಿದಾದ ಏರು. ನಿಂತಾಗ ಕಾರ್ಬೊರೇಟರಿನ ತಳದ ಬಟ್ಟಲಿನಲ್ಲಿ ಉಳಿದ ಪೆಟ್ರೋಲು ಆವಿಯಾಗಿ ಅಂಟಾಗುವುದು. ಇವೆರಡರಲ್ಲಿ ಹೆಚ್ಚು ಹಾನಿ ಮಾಡುವುದು ಎರಡನೆಯದೇ.

ಕಾರ್ಬೊರೇಟರನ್ನು ಬಿಚ್ಚುವ ಮುನ್ನ

ಕಾರ್ಬೊರೇಟರಿನ ಮೇಲೆ ಬರುವ ದೂರುಗಳಲ್ಲಿ ಹಲವು ಅದಕ್ಕೆ ಸೇರಿದವಲ್ಲ. ಎಣ್ಣೆ ಬತ್ತಿ ಪುಡಿಯಾಗುತ್ತಿರುವ ಸ್ಪಂಜಿನ ಏರ್ ಫಿಲ್ಟರ್, ಸೊರಗಿದ ಪ್ಲಗ್, ಗ್ಯಾಪ್ ತೀರಾ ಕಡಿಮೆಯಾದ ವಾಲ್ವುಗಳು, ಇಲಿ ಗೂಡು ಕಟ್ಟಿದ ಸೈಲೆನ್ಸರ್ ಇವೆಲ್ಲ ಅದೇ ಲಕ್ಷಣಗಳನ್ನು ತೋರುತ್ತವೆ. ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಷನ್ ಬಿದ್ದ ಇಂಜಿನ್‌ಗೆ ಎಂಥ ಜೆಟ್ (ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ರಂಧ್ರದ ಬಿಡಿಭಾಗ) ಹಾಕಿದರೂ ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ. ಚೆನ್ನಾಗಿ ಓಡುತ್ತಿದ್ದ ಗಾಡಿ ಸ್ವಲ್ಪ ಹೊತ್ತಿಗೆ ಉಸಿರುಗಟ್ಟಿ ನಿಂತು, ಕೆಲವು ನಿಮಿಷ ಬಿಟ್ಟರೆ ಮತ್ತೆ ಓಡಿದರೆ ಮೊದಲು ಟ್ಯಾಂಕಿನ ಮುಚ್ಚಳ ತೆರೆಯಬೇಕು. ಸುಯ್ ಎಂದು ಗಾಳಿ ಒಳಗೆ ನುಗ್ಗಿದರೆ ಮುಚ್ಚಳದ ಗಾಳಿಕೊಳವೆ ಕಟ್ಟಿದೆ ಎಂದರ್ಥ. ಪೆಟ್ರೋಲ್ ಕಾಕಿನೊಳಗಿನ ಜಾಲರಿಯನ್ನೂ ಆಗಲೇ ನೋಡಿಬಿಡುವುದು ಒಳ್ಳೆಯದು. ಪೈಪ್ ಕಳಚಿ ಕಾಕ್ ತೆರೆದರೆ ಪೆಟ್ರೋಲು ಧಾರೆಯಾಗಿ ಬೀಳಬೇಕು, ತೊಟ್ಟಿಕ್ಕಬಾರದು. ಇಂಜಿನ್ನಿನ ಎಳೆತದಿಂದ ತೆರೆದುಕೊಳ್ಳುವ ವ್ಯಾಕ್ಯೂಮ್ ಕಾಕ್‌ಗಳಿಗೆ ಮಾತ್ರ ಈ ಪರೀಕ್ಷೆ ಹಾಗೆಯೇ ಹೊಂದುವುದಿಲ್ಲ. ಅವುಗಳ ಸಣ್ಣ ಪೈಪಿನಲ್ಲಿ ಬಾಯಿಂದ ಎಳೆದು ನೋಡಬೇಕು.

ದೋಷವನ್ನು ಥ್ರಾಟಲ್ ಹೇಳುತ್ತದೆ

ಕಾರ್ಬೊರೇಟರಿನ ಒಳದಾರಿಗಳು ಸರದಿಯಲ್ಲಿ ಕೆಲಸ ಮಾಡುತ್ತವೆ. ಐಡ್ಲಿಂಗ್‌ನಿಂದ ಸುಮಾರು ಕಾಲುಭಾಗ ಥ್ರಾಟಲ್‌ವರೆಗೆ ಪೈಲಟ್ ಜೆಟ್. ಕಾಲಿನಿಂದ ಮುಕ್ಕಾಲಿನವರೆಗೆ ಥ್ರಾಟಲ್ ತೆರೆದಂತೆ ಮೇಲೇಳುವ ಸ್ಲೈಡಿಗೆ ತೂಗಿದ ಮೊನಚು ಸೂಜಿ. ಅದರಿಂದಾಚೆಗೆ ಮೇನ್ ಜೆಟ್. ಗಡಿಗಳು ಒಂದರ ಮೇಲೊಂದು ಹಾಯುತ್ತವೆ, ಆದರೆ ಪತ್ತೆಗೆ ಇಷ್ಟು ಸಾಕು. ಹೆಬ್ಬೆರಳಿನ ಲಿವರಿನ ಪಕ್ಕ ಒಂದು ಟೇಪ್ ತುಂಡು ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಎಂದು ಗೆರೆ ಎಳೆದುಕೊಂಡರೆ ಮಿಸ್ಸಿಂಗ್ ಎಲ್ಲಿ ಆಗುತ್ತದೆಂದು ಊಹಿಸಬೇಕಿಲ್ಲ. ಮಿಶ್ರಣ ತೆಳುವೋ ದಟ್ಟವೋ ಎಂದು ತಿಳಿಯಲು ಆ ಜಾಗದಲ್ಲೇ ಚೋಕನ್ನು ಅರ್ಧ ಎಳೆದು ನೋಡಬೇಕು. ಓಟ ಸುಧಾರಿಸಿದರೆ ಪೆಟ್ರೋಲು ಕಡಿಮೆ ಬೀಳುತ್ತಿದೆ, ಕೆಟ್ಟರೆ ಹೆಚ್ಚಾಗಿದೆ. ಪ್ಲಗ್ಗಿನ ಬಣ್ಣವೂ ಸಾಕ್ಷಿ: ಬಿಳಚಿದ್ದರೆ ತೆಳು, ಮಸಿ ಹಿಡಿದಿದ್ದರೆ ದಟ್ಟ.

ಕಾರ್ಖಾನೆಯಿಂದ ಬಂದಂತೆಯೇ ಇರುವ ಗಾಡಿ ಹಿಂದೆ ಚೆನ್ನಾಗಿ ಓಡಿ ಈಗ ಕೆಟ್ಟಿದ್ದರೆ ಜೆಟ್ಟಿನ ಅಳತೆ ತಪ್ಪಿರುವುದಿಲ್ಲ. ಕಸವೋ ಸವೆತವೋ ಗಾಳಿಯ ಸೋರಿಕೆಯೋ ಇರುತ್ತದೆ. ಇದನ್ನು ಮರೆತು ಮೊದಲೇ ಸ್ಕ್ರೂ ತಿರುಗಿಸಲು ಹೊರಡುವವರೇ ಹೆಚ್ಚು, ಮೆಕ್ಯಾನಿಕ್ಕಿಗೆ ಎರಡರಷ್ಟು ಕೆಲಸ ತಂದೊಡ್ಡುವವರೂ ಅವರೇ.

ಪೈಲಟ್ ಜೆಟ್

ಚೋಕ್ ಎಳೆದರೆ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಹಳೆಯ ಎಟಿವಿಯ ಅತಿ ಸಾಮಾನ್ಯ ದೂರು ಇದು, ಕಾರಣ ಹೆಚ್ಚಾಗಿ ಪೈಲಟ್ ಜೆಟ್. ಕೈಹಿನ್ ಜೆಟ್ಟಿನ ಮೇಲಿನ ಅಂಕಿ ರಂಧ್ರದ ವ್ಯಾಸವನ್ನು ಮಿಲಿಮೀಟರಿನ ನೂರನೇ ಭಾಗದಲ್ಲಿ ಹೇಳುತ್ತದೆ. 38 ಎಂದಿದ್ದರೆ ರಂಧ್ರ 0.38 ಮಿ.ಮೀ. ಒಣಗಿದ ಪೆಟ್ರೋಲಿನ ಕಂದು ಅಂಟು ಅದನ್ನು ಮುಚ್ಚಲು ಒಂದು ಚಳಿಗಾಲ ಸಾಕು. ಜೆಟ್ಟನ್ನು ಬಿಚ್ಚಿ ಬೆಳಕಿಗೆ ಹಿಡಿದಾಗ ದುಂಡಗಿನ ಸ್ಪಷ್ಟ ಚುಕ್ಕೆ ಕಾಣಬೇಕು. ಅಂಚು ಮಸುಕಾಗಿದ್ದರೂ ಅರ್ಧ ಕಟ್ಟಿದೆ ಎಂದೇ ಲೆಕ್ಕ. ಕ್ಲೀನರ್‌ನಲ್ಲಿ ನೆನೆಸಿ, ವೈರಿನ ಒಂದೇ ತಾಮ್ರದ ಎಳೆಯನ್ನು ತೂರಿಸಿ, ಏರ್ ಹೊಡೆಯಬೇಕು. ಗಟ್ಟಿ ಉಕ್ಕಿನ ತಂತಿಯೋ ಡ್ರಿಲ್ಲೋ ಹಾಕಿದರೆ ಹಿತ್ತಾಳೆ ಸವೆದು ಅಳತೆಯೇ ಬದಲಾಗುತ್ತದೆ. ಜೆಟ್ ಮಾತ್ರ ತೊಳೆದು ಅದರ ಹಿಂದಿನ ಸಣ್ಣ ದಾರಿಗಳನ್ನು ಬಿಟ್ಟರೆ ತೊಂದರೆ ಮರಳಿ ಬರುತ್ತದೆ. ಥ್ರಾಟಲ್ ತಟ್ಟೆಯ ಅಂಚಿನಲ್ಲಿರುವ ಸೂಕ್ಷ್ಮ ರಂಧ್ರಗಳಿಂದಲೂ ಸ್ಪ್ರೇ ಹೊರಬರುವುದನ್ನು ಕಣ್ಣಾರೆ ನೋಡಬೇಕು.

ಬಿಚ್ಚುವಾಗ ಎರಡು ಎಡವಟ್ಟುಗಳು ಪದೇ ಪದೇ ಆಗುತ್ತವೆ. ಜಪಾನಿ ಕಾರ್ಬೊರೇಟರಿನ ಸ್ಕ್ರೂಗಳು ನೋಡಲು ಮಾಮೂಲಿ ಸ್ಟಾರ್ ತಲೆಯವು, ಆದರೆ ಜಪಾನಿನ ಜೆಐಎಸ್ ಮಾನದಂಡದವು. ಫಿಲಿಪ್ಸ್ ಸ್ಕ್ರೂಡ್ರೈವರ್ ಅವುಗಳಲ್ಲಿ ಪೂರ್ತಿ ಕೂರದೆ ತಲೆಯನ್ನು ಕಿತ್ತುಹಾಕುತ್ತದೆ. ಇನ್ನೊಂದು, ಪೈಲಟ್ ಸ್ಕ್ರೂ. ಅದನ್ನು ತೆಗೆಯುವ ಮುನ್ನ ಹಗುರವಾಗಿ ಒಳಕ್ಕೆ ತಿರುಗಿಸಿ ಎಷ್ಟು ಸುತ್ತಿತ್ತು ಎಂದು ಬರೆದಿಟ್ಟುಕೊಳ್ಳಬೇಕು. ತೆಗೆದಾಗ ಸ್ಪ್ರಿಂಗ್, ವಾಷರ್, ಓ-ರಿಂಗ್ ಮೂರೂ ಬರಬೇಕು. ಓ-ರಿಂಗ್ ಬಹಳ ಸಲ ರಂಧ್ರದೊಳಗೇ ಅಂಟಿಕೊಂಡಿರುತ್ತದೆ, ಇದ್ದದ್ದೇ ಗೊತ್ತಾಗುವುದಿಲ್ಲ. ಸ್ಕ್ರೂ ಇಂಜಿನ್ ಕಡೆಗಿದ್ದರೆ ಅದು ಪೆಟ್ರೋಲಿನದು, ಹೊರಕ್ಕೆ ತಿರುಗಿಸಿದರೆ ಮಿಶ್ರಣ ದಟ್ಟವಾಗುತ್ತದೆ. ಏರ್ ಫಿಲ್ಟರ್ ಕಡೆಗಿದ್ದರೆ ಗಾಳಿಯದು, ಫಲ ತದ್ವಿರುದ್ಧ. ಬ್ಯಾನ್‌ಶೀಯಂಥ ಟೂ-ಸ್ಟ್ರೋಕ್ ಗಾಡಿಗಳಲ್ಲಿ ಎರಡನೆಯ ಬಗೆ.

ಓವರ್‌ಫ್ಲೋ

ಬಟ್ಟಲಿನ ತಳದ ಕೊಳವೆಯಿಂದ ಪೆಟ್ರೋಲು ಸುರಿದರೆ, ಬಟ್ಟಲು ತುಂಬಿದಾಗ ಪೆಟ್ರೋಲನ್ನು ತಡೆಯುವ ಫ್ಲೋಟ್ ನೀಡಲ್ ಮುಚ್ಚುತ್ತಿಲ್ಲ. ಕಸ ಸಿಕ್ಕಿರಬಹುದು, ನೀಡಲ್ಲಿನ ರಬ್ಬರ್ ತುದಿಯಲ್ಲಿ ಉಂಗುರದ ಗುರುತು ಬಿದ್ದಿರಬಹುದು, ಫ್ಲೋಟ್ ತೂತಾಗಿ ಪೆಟ್ರೋಲು ಕುಡಿದಿರಬಹುದು. ಸ್ಕ್ರೂಡ್ರೈವರ್ ಹಿಡಿಯಿಂದ ಬಟ್ಟಲಿಗೆ ಎರಡು ಏಟು ತಟ್ಟಿ ನಿಲ್ಲಿಸುವ ಚಾಳಿ ಎಲ್ಲೆಡೆ ಇದೆ. ದಾರಿಯಲ್ಲಿ ಅದು ಸರಿ, ಮನೆಗೆ ಬಂದ ಮೇಲೂ ಅಷ್ಟಕ್ಕೇ ಬಿಡುವುದು ಅಪಾಯ. ಕಾಕ್ ತೆರೆದಿಟ್ಟ ರಾತ್ರಿ ಪೆಟ್ರೋಲು ಸಿಲಿಂಡರಿಗೆ ಇಳಿದು ಇಂಜಿನ್ ಆಯಿಲ್‌ಗೆ ಸೇರುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ಏರಿ ಪೆಟ್ರೋಲು ವಾಸನೆ ಬಂದರೆ ಇಂಜಿನ್ ಸ್ಟಾರ್ಟ್ ಮಾಡದೆ ಆಯಿಲ್ ಬದಲಿಸಬೇಕು. ನೀರಾದ ಆಯಿಲ್ ಬೇರಿಂಗುಗಳನ್ನು ಕಾಯುವುದಿಲ್ಲ.

ರಬ್ಬರಿನ ಭಾಗಗಳು

ಐಡ್ಲಿಂಗ್ ಏರಿಳಿಯುತ್ತ, ಥ್ರಾಟಲ್ ಬಿಟ್ಟರೂ ರೇಸ್ ಇಳಿಯದೆ ತೂಗಾಡಿದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಕಾರ್ಬೊರೇಟರನ್ನು ಸಿಲಿಂಡರಿಗೆ ಕೂಡಿಸುವ ರಬ್ಬರ್ ಜೋಡಣೆ ಒಣಗಿ ಸೀಳುವುದು ಸಹಜ. ಇಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ಅದರ ಸುತ್ತ ನೀರು ಸಿಂಪಡಿಸಿದರೆ ಸೀಳಿದ ಕಡೆ ಸದ್ದು ಬದಲಾಗುತ್ತದೆ. ಸ್ಪೋರ್ಟ್ಸ್‌ಮನ್‌ನ ಮಿಕುನಿಯಂತೆ ನಿರ್ವಾತದಿಂದ ಸ್ಲೈಡ್ ಏಳುವ ಬಗೆಯಲ್ಲಿ ಮೇಲ್ಮುಚ್ಚಳದಡಿಯ ಡಯಾಫ್ರಮ್ಮನ್ನೂ ಬೆಳಕಿಗೆ ಹಿಡಿಯಬೇಕು. ಸೂಜಿಮೊನೆಯಷ್ಟು ತೂತಿದ್ದರೂ ಅರ್ಧ ಥ್ರಾಟಲ್ ದಾಟಿದ ಮೇಲೆ ಗಾಡಿಗೆ ಜೀವವಿರುವುದಿಲ್ಲ. ಕ್ಲೀನರ್ ತಾಗಿದರೆ ಈ ರಬ್ಬರು ಉಬ್ಬಿ ಮತ್ತೆ ಕೂರುವುದಿಲ್ಲ, ಆದ್ದರಿಂದ ಮೊದಲು ತೆಗೆದಿಟ್ಟೇ ತೊಳೆಯಬೇಕು.

ಎಥನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರಿಗೆ ಒಗ್ಗದು. ಅದು ಗಾಳಿಯ ತೇವವನ್ನು ಹೀರುತ್ತದೆ, ಮಿತಿ ಮೀರಿದಾಗ ನೀರು ಮತ್ತು ಎಥನಾಲ್ ಬೇರೆ ಪದರವಾಗಿ ತಳಕ್ಕಿಳಿಯುತ್ತವೆ. ತಳದಲ್ಲೇ ಜೆಟ್ಟುಗಳಿವೆ. ಅಮೆರಿಕದಲ್ಲಿ ಶೇ. 10ರ ಮಿಶ್ರಣ ರೂಢಿಯಲ್ಲಿದೆ, ಭಾರತದಲ್ಲಿ ಈಗ ಶೇ. 20. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದಮೇಲೆ ಇಲ್ಲಿನ ಹೊಸ ಬೈಕುಗಳಿಂದ ಕಾರ್ಬೊರೇಟರ್ ಬಹುತೇಕ ಮಾಯವಾಯಿತು. ಹಾಗಾಗಿ ಕರ್ನಾಟಕದ ಗ್ಯಾರೇಜುಗಳಲ್ಲಿ ಕಾರ್ಬೊರೇಟರ್ ರಿಪೇರಿಯ ವಿದ್ಯೆ ಹಳೆಯ ಬೈಕುಗಳ ಜೊತೆಗೇ ಉಳಿದಿದೆ. ಒಂಟಿ ಸಿಲಿಂಡರಿನ ಎಟಿವಿಗೂ ಅದೇ ವಿದ್ಯೆ ಸಾಲುತ್ತದೆ.

ಜೆಟ್ ಬದಲಿಸುವುದು

ಜೆಟ್ ಬದಲಿಸಲು ನಿಜವಾದ ಕಾರಣಗಳು ಕೆಲವೇ: ಸೈಲೆನ್ಸರ್ ಇಲ್ಲವೇ ಏರ್ ಫಿಲ್ಟರ್ ಬೇರೆ ಬಗೆಯದು ಹಾಕಿದ್ದು, ಅಥವಾ ಕೊಲರಾಡೊದಂಥ ಎತ್ತರದ ಪ್ರದೇಶಕ್ಕೆ ಒಯ್ದದ್ದು. ಅಲ್ಲಿನ ತೆಳು ಗಾಳಿಯಲ್ಲಿ ಅದೇ ಜೆಟ್ ಹೆಚ್ಚು ಪೆಟ್ರೋಲು ಬಿಟ್ಟಂತಾಗಿ ಪ್ಲಗ್ ಮಸಿಯಾಗುತ್ತದೆ. ಮಿಕುನಿಯ ಷಡ್ಭುಜ ತಲೆಯ ಮೇನ್ ಜೆಟ್ಟಿನ ಅಂಕಿ ಹರಿವಿನದು, ಕೈಹಿನ್‌ನದು ವ್ಯಾಸದ್ದು. ಒಂದರ 120 ಇನ್ನೊಂದರ 120ಕ್ಕೆ ಸಮವಲ್ಲ. ಸೂಜಿಯ ಕ್ಲಿಪ್ಪನ್ನು ಒಂದು ಗೆರೆ ಕೆಳಗೆ ಹಾಕಿದರೆ ಸೂಜಿ ಮೇಲೇರಿ ಮಿಶ್ರಣ ದಟ್ಟವಾಗುತ್ತದೆ.

ಅಗ್ಗದ ನಕಲು ಕಾರ್ಬೊರೇಟರುಗಳು ಆನ್‌ಲೈನಿನಲ್ಲಿ ಧಾರಾಳ. ಬೋಲ್ಟುಗಳು ಕೂರುತ್ತವೆ, ಜೆಟ್ಟಿನ ಅಳತೆ ಕೂರುವ ಭರವಸೆಯಿಲ್ಲ. ದೇಹ ಬಿರಿಯದ, ಸ್ಲೈಡಿನ ದಾರಿ ಸವೆಯದ ಮೂಲ ಕಾರ್ಬೊರೇಟರಿಗೆ ಹೊಸ ನೀಡಲ್, ಗ್ಯಾಸ್ಕೆಟ್, ಓ-ರಿಂಗುಗಳ ಕಿಟ್ ಹಾಕುವುದೇ ಮೇಲು. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾಕ್ ಮುಚ್ಚಿ, ಬಟ್ಟಲಿನ ತಳದ ಡ್ರೈನ್ ಸ್ಕ್ರೂ ಸಡಿಲಿಸಿ ಪೆಟ್ರೋಲನ್ನು ಖಾಲಿ ಮಾಡಿಬಿಡಬೇಕು.