ಗಾಲ್ಫ್ ಕಲಿಯುವವರ ಚರಿತ್ರೆ

ಗಾಲ್ಫ್ ಕಲಿಯಲು ಹೊರಟ ಒಬ್ಬ ಹೊಸಬ ತನ್ನ ಆಟ ತಿದ್ದಿಕೊಳ್ಳಲು ಪಟ್ಟ ಪಾಡು ಬರಹದಲ್ಲಿ ಮೊದಲು ಸಿಗುವುದು 1687ರಲ್ಲಿ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರ ಓದುತ್ತಿದ್ದ ಥಾಮಸ್ ಕಿಂಕೇಡ್ ಎಂಬ ಯುವಕ ಆಗ ದಿನಚರಿ ಬರೆಯುತ್ತಿದ್ದ. ಲೀತ್‌ನ ಕಡಲಂಚಿನ ಹುಲ್ಲುಗಾವಲಿನಲ್ಲಿ ಗೆಳೆಯನ ಜೊತೆ ಆಡಿ ಮನೆಗೆ ಬಂದರೆ, ಆ ದಿನ ಆಟದಲ್ಲಿ ಕಂಡುಕೊಂಡದ್ದನ್ನೆಲ್ಲ ಅದರಲ್ಲಿ ಟಿಪ್ಪಣಿ ಮಾಡುತ್ತಿದ್ದ. ಜನವರಿ 20ರ ಪುಟದಲ್ಲಿ, ಕತ್ತಿವರಸೆಗೆ ನಿಲ್ಲುವಂತೆ ಮೊಣಕಾಲನ್ನು ತುಸು ಬಾಗಿಸಿ, ಕಾಲು, ಬೆನ್ನು, ತೋಳಿನ ಸ್ನಾಯುಗಳನ್ನು ಬಿಗಿಹಿಡಿದು ನಿಲ್ಲಬೇಕು ಎಂದಿದ್ದಾನೆ. ಮುಂದಿನ ಪುಟಗಳಲ್ಲಿ ಚೆಂಡು ಎದೆಯ ನೇರಕ್ಕೆ ಎಲ್ಲಿರಬೇಕು, ಎಡಗಾಲು ಎಲ್ಲಿರಬೇಕು, ಮೈ ಹೇಗೆ ತಿರುಗಬೇಕು ಎಂಬ ವಿಚಾರಗಳಿವೆ. ಅಭ್ಯಾಸದ ಕ್ರಮವನ್ನೂ ಅವನೇ ಗೊತ್ತುಮಾಡಿಕೊಂಡ. ಮೊದಲು ಮೆಲ್ಲಗೆ ಹೊಡೆಯುತ್ತ ಭಂಗಿಯನ್ನು ಸರಿಪಡಿಸಿಕೊಳ್ಳಬೇಕು, ಬಲವನ್ನು ಹಂತಹಂತವಾಗಿ ಹೆಚ್ಚಿಸಬೇಕು, ಒಂದು ಹಂತ ಪೂರ್ತಿ ಕೈವಶವಾಗುವವರೆಗೆ ಮುಂದಿನದಕ್ಕೆ ಹೋಗಬಾರದು. ಬಿಗಿಹಿಡಿದ ಸ್ನಾಯುಗಳ ಮಾತನ್ನು ಇಂದಿನ ಗುರುಗಳು ಒಪ್ಪಲಾರರು. ಅಭ್ಯಾಸದ ಕ್ರಮ ಮಾತ್ರ ಇಂದಿಗೂ ಒಪ್ಪುವಂಥದ್ದು.

ಕಿಂಕೇಡ್ ಒಂಟಿಯಾಗಿ ಯೋಚಿಸಬೇಕಾಗಿ ಬಂದದ್ದಕ್ಕೆ ಕಾರಣವಿದೆ. ಆಗ ಗಾಲ್ಫ್ ಕಲಿಸುವ ವೃತ್ತಿಯೇ ಇರಲಿಲ್ಲ. ಮೈದಾನದ ಪಕ್ಕದಲ್ಲಿ ಹುಟ್ಟಿ ಬೆಳೆದ ಹುಡುಗರು ಹಿರಿಯರ ಆಟ ನೋಡಿ ಕಲಿಯುತ್ತಿದ್ದರು. ಇದಕ್ಕಿಂತ ದೊಡ್ಡ ಅಡ್ಡಿ ಚೆಂಡಿನದು. ಹೊಲಿದ ತೊಗಲಿನ ಚೀಲಕ್ಕೆ ಬೇಯಿಸಿದ ಹಕ್ಕಿಗರಿಗಳನ್ನು ಗಿಡಿದು ತುಂಬಿ ಮಾಡುತ್ತಿದ್ದ ಆ ಚೆಂಡನ್ನು ನುರಿತ ಕೆಲಸಗಾರನೂ ದಿನಕ್ಕೆ ಮೂರೋ ನಾಲ್ಕೋ ಮಾತ್ರ ಮಾಡಬಲ್ಲವನಾಗಿದ್ದ. ಹಾಗಾಗಿ ಅದು ಬಲು ದುಬಾರಿ. ನೆನೆದರೆ ಕೆಡುತ್ತಿತ್ತು. ಕಬ್ಬಿಣದ ತಲೆಯ ಕೋಲಿನ ಅಂಚು ತಗುಲಿದರೆ ಹೊಲಿಗೆ ಬಿಚ್ಚಿ ಗರಿ ಹೊರಬರುತ್ತಿತ್ತು. ಹೊಸಬರಿಂದ ಆಗುವ ತಪ್ಪು ಇದೇ ತಾನೆ? ಒಂದು ಕೆಟ್ಟ ಹೊಡೆತಕ್ಕೆ ಒಂದು ಚೆಂಡು ಹೋಗುವುದಾದರೆ ನೂರು ಸಲ ಹೊಡೆದು ಕಲಿಯುವುದು ಸಿರಿವಂತರಿಗೂ ಕಷ್ಟವೇ.

1848ರ ಸುಮಾರಿಗೆ ಈ ಕಟ್ಟು ಸಡಿಲಿತು. ಮಲಯ ದೇಶದ ಮರವೊಂದರ ಅಂಟಾದ ಗಟಾ ಪರ್ಚಾವನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಉಂಡೆ ಕಟ್ಟಿದರೆ ಚೆಂಡು ಸಿದ್ಧ. ಬೆಲೆ ಕಡಿಮೆ, ನೀರಿನ ಭಯವಿಲ್ಲ, ಪೆಟ್ಟುಬಿದ್ದು ಆಕಾರ ಕೆಟ್ಟರೆ ಮತ್ತೆ ಕಾಯಿಸಿ ಉರುಟು ಮಾಡಬಹುದು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಗರಿಚೆಂಡಿನ ಕಸುಬಿನವನೂ ಆ ಕಾಲದ ಅತ್ಯುತ್ತಮ ಆಟಗಾರನೂ ಆಗಿದ್ದ ಅಲನ್ ರಾಬರ್ಟ್‌ಸನ್ ಇದನ್ನು ಬಲವಾಗಿ ವಿರೋಧಿಸಿದ. ಅವನ ಬಳಿ ಕೆಲಸ ಕಲಿತಿದ್ದ ಟಾಮ್ ಮಾರಿಸ್ ಹೊಸ ಚೆಂಡಿನಲ್ಲಿ ಆಡಿದ್ದೇ ಜಗಳವಾಗಿ ಇಬ್ಬರೂ ಬೇರೆಯಾದರು. ತನ್ನ ಅನ್ನಕ್ಕೆ ಕುತ್ತು ಬಂದಾಗ ರಾಬರ್ಟ್‌ಸನ್ ಸಿಟ್ಟಾದದ್ದು ಸಹಜ. ಆದರೆ ಕಲಿಯುವವರ ಮಟ್ಟಿಗೆ ಗಾಲ್ಫ್‌ನ ಇಡೀ ಚರಿತ್ರೆಯಲ್ಲಿ ಆ ಅಂಟಿನ ಉಂಡೆಯಷ್ಟು ಉಪಕಾರ ಮಾಡಿದ ವಸ್ತು ಇನ್ನೊಂದಿಲ್ಲ. ತಪ್ಪು ಮಾಡಲು ಅವರಿಗೆ ಅವಕಾಶ ಕೊಟ್ಟದ್ದು ಅದೇ. ಕಬ್ಬಿಣದ ಕೋಲುಗಳು ಬಳಕೆಯಲ್ಲಿ ಹೆಚ್ಚಿದ್ದೂ ಅದರಿಂದಲೇ.

1852ರಲ್ಲಿ ಸೇಂಟ್ ಆಂಡ್ರೂಸ್‌ಗೆ ರೈಲು ಬಂತು. ಮೈದಾನದ ಪಕ್ಕ ಹುಟ್ಟದವರು, ನಡುವಯಸ್ಸಿನಲ್ಲಿ ಆಟಕ್ಕೆ ಬಂದವರು ಹೆಚ್ಚಿದರು. ನೋಡಿ ಕಲಿಯಲು ಅವರಿಗೆ ಬಾಲ್ಯ ಉಳಿದಿರಲಿಲ್ಲ, ಓದಿ ಕಲಿಯಬೇಕಾಯಿತು. ಗಾಲ್ಫ್ ಕಲಿಸುವ ಮೊದಲ ಪುಸ್ತಕವೆನಿಸಿದ, ಎಚ್. ಬಿ. ಫಾರ್ನಿ ಗುಪ್ತನಾಮದಲ್ಲಿ ಬರೆದ ‘ದಿ ಗಾಲ್ಫರ್ಸ್ ಮ್ಯಾನ್ಯುಯಲ್’ 1857ರಲ್ಲಿ ಹೊರಬಂತು. ಶತಮಾನದ ಕೊನೆಯ ಹೊತ್ತಿಗೆ ಇಂಥ ಪುಸ್ತಕಗಳ ಸಾಲೇ ಬಂದಿತ್ತು. ಬ್ರಿಟಿಷ್ ಓಪನ್ ಅನ್ನು ಆರು ಸಲ ಗೆದ್ದ ಹ್ಯಾರಿ ವಾರ್ಡನ್ 1905ರಲ್ಲಿ ‘ದಿ ಕಂಪ್ಲೀಟ್ ಗಾಲ್ಫರ್’ ಪ್ರಕಟಿಸಿದರು. ಬಲಗೈಯ ಕಿರುಬೆರಳನ್ನು ಎಡಗೈಯ ತೋರುಬೆರಳ ಮೇಲೆ ಕೂರಿಸುವ ಹಿಡಿತ ಅವರ ಹೆಸರಿನಲ್ಲೇ ಪ್ರಸಿದ್ಧವಾಯಿತು. ಅದನ್ನು ಅವರಿಗಿಂತ ಮೊದಲೇ ಜಾನಿ ಲೇಡ್ಲೆ ಬಳಸುತ್ತಿದ್ದರು. ಇಂದಿಗೂ ಹೊಸಬರಿಗೆ ಮೊದಲ ದಿನ ತೋರಿಸುವ ಹಿಡಿತಗಳಲ್ಲಿ ಇದೊಂದು.

ಪುಸ್ತಕಗಳಲ್ಲಿ ಒಂದು ಕೊರತೆಯಿತ್ತು. ಆಟಗಾರರು ತಾವು ಮಾಡುತ್ತೇವೆಂದು ನಂಬಿದ್ದನ್ನು ಬರೆಯುತ್ತಿದ್ದರು, ನಿಜವಾಗಿ ಮಾಡಿದ್ದನ್ನಲ್ಲ. 1904ರಲ್ಲಿ ಜಾರ್ಜ್ ಬೆಲ್ಡಮ್ ಹೆಸರಾಂತ ಆಟಗಾರರ ಹೊಡೆತಗಳನ್ನು ಫೋಟೊಗಳಲ್ಲಿ ಸೆರೆಹಿಡಿದು ಪ್ರಕಟಿಸಿದ ಮೇಲೆ ಎರಡನ್ನೂ ಎದುರುಬದುರು ಇಟ್ಟು ನೋಡುವುದು ಸಾಧ್ಯವಾಯಿತು. 1931ರಲ್ಲಿ ಅಮೆರಿಕದ ಆಟಗಾರ ಬಾಬಿ ಜೋನ್ಸ್ ತಮ್ಮ ಆಟದ ವಿಧಾನವನ್ನು ವಾರ್ನರ್ ಬ್ರದರ್ಸ್‌ನ ಕಿರುಚಿತ್ರಗಳ ಸರಣಿಯಲ್ಲಿ ತೋರಿಸಿದರು. ಜೋನ್ಸ್ ಸ್ವತಃ ಪಾಠ ಹೇಳಿಸಿಕೊಂಡು ಕಲಿತವರಲ್ಲ. ಅಟ್ಲಾಂಟಾದ ಈಸ್ಟ್ ಲೇಕ್ ಮೈದಾನದಲ್ಲಿ ಸ್ಕಾಟಿಷ್ ವೃತ್ತಿಪರ ಆಟಗಾರ ಸ್ಟುವರ್ಟ್ ಮೇಡನ್ ಅವರ ಹಿಂದೆ ಹಿಂದೆಯೇ ಸುತ್ತಿ, ಅವರ ಹೊಡೆತವನ್ನು ಅನುಕರಿಸಿ ಕಲಿತ ಹುಡುಗ ಅವರು.

ಇದೇ ಹೊತ್ತಿಗೆ ಕೋಲು ಬದಲಾಯಿತು. ಹಿಕರಿ ಮರದ ಹಿಡಿ ಹೊಡೆತದ ರಭಸಕ್ಕೆ ತಿರುಚಿಕೊಳ್ಳುತ್ತಿತ್ತು, ಆ ತಿರುಚನ್ನು ಕೈಗಳೇ ಸಂಭಾಳಿಸಬೇಕಿತ್ತು. ಉಕ್ಕಿನ ಹಿಡಿಗೆ ಅಮೆರಿಕದಲ್ಲಿ 1924ರಲ್ಲಿ, ಸೇಂಟ್ ಆಂಡ್ರೂಸ್‌ನಲ್ಲಿ 1929ರಲ್ಲಿ ಒಪ್ಪಿಗೆ ಸಿಕ್ಕಿತು. ಮರದ ಹಿಡಿಗಾಗಿ ಬರೆದ ಮಣಿಕಟ್ಟಿನ ಪಾಠಗಳನ್ನು ಓದಿ ಉಕ್ಕಿನ ಕೋಲು ಬೀಸಿದವರು ದಾರಿತಪ್ಪಿದ್ದರೆ ಅದು ಅವರ ತಪ್ಪಾಗಿರಲಿಲ್ಲ.

ಗುರುಗಳ ನಡುವೆ ಒಂದು ದೊಡ್ಡ ಭಿನ್ನಾಭಿಪ್ರಾಯ ಬೆಳೆದದ್ದೂ ಈ ಕಾಲದಲ್ಲೇ. ಮೈಯ ಒಂದೊಂದು ಅಂಗವನ್ನೂ ಬಿಡಿಬಿಡಿಯಾಗಿ ತಿದ್ದಬೇಕೋ, ಇಡೀ ಬೀಸನ್ನು ಒಂದೇ ಚಲನೆಯಾಗಿ ಕಲಿಸಬೇಕೋ? ಅರ್ನೆಸ್ಟ್ ಜೋನ್ಸ್ ಎರಡನೆಯ ಪಕ್ಷದವರು. ಮೊದಲ ಮಹಾಯುದ್ಧದಲ್ಲಿ ಬಲಗಾಲಿನ ಮೊಣಕಾಲ ಕೆಳಗಿನ ಭಾಗ ಕಳೆದುಕೊಂಡ ಮೇಲೂ ಅವರು ಒಂಟಿಕಾಲಿನಲ್ಲಿ ನಿಂತು ಚೆನ್ನಾಗಿಯೇ ಆಡಿದರು. ಕಾಲು, ಸೊಂಟಗಳ ಸೂತ್ರಗಳಲ್ಲಿ ಅವರಿಗೆ ನಂಬಿಕೆ ಹೋದದ್ದು ಅಲ್ಲಿಂದ. ನ್ಯೂಯಾರ್ಕ್‌ನಲ್ಲಿ ಶಿಷ್ಯರಿಗೆ ಅವರು ಕರವಸ್ತ್ರದ ತುದಿಗೆ ಚಾಕು ಕಟ್ಟಿ ತೂಗಿ ತೋರಿಸುತ್ತಿದ್ದರು. ತೂಗಿದರೆ ಬಟ್ಟೆ ಬಿಗಿಯಾಗಿಯೇ ಇರುತ್ತದೆ, ಬಲ ಹಾಕಿ ಎಳೆದಾಡಿದರೆ ಮಡಚಿಕೊಳ್ಳುತ್ತದೆ. ಹೆದರಿ ಮೈ ಸೆಟೆಸಿಕೊಂಡ ಹೊಸಬರಿಗೆ ಇದಕ್ಕಿಂತ ಸರಳವಾದ ಪಾಠ ಸಿಗುವುದು ಕಷ್ಟ. ಇದಕ್ಕೆ ವಿರುದ್ಧ ತುದಿಯಲ್ಲಿ ಬೆನ್ ಹೋಗನ್ ಇದ್ದರು. ಚೆಂಡು ಎಡಕ್ಕೆ ತಿರುಗುವ ದೋಷದಿಂದ ವರ್ಷಗಟ್ಟಲೆ ನರಳಿ, ಎಡೆಬಿಡದ ಅಭ್ಯಾಸದಿಂದ ಅದನ್ನು ಗೆದ್ದವರು. 1957ರ ಅವರ ‘ಫೈವ್ ಲೆಸನ್ಸ್’ ಹಿಡಿತ, ನಿಲುವು, ಬೀಸುಗಳನ್ನು ಬಿಡಿಸಿಟ್ಟು ವಿವರಿಸಿತು. ಆಂಥನಿ ರವಿಯೆಲ್ಲಿ ಬರೆದ ಚಿತ್ರಗಳಿಂದ ಅದು ಇನ್ನಷ್ಟು ಸ್ಪಷ್ಟವಾಯಿತು.

1968ರಲ್ಲಿ ವಿಜ್ಞಾನ ನಡುವೆ ಬಂತು. ಬ್ರಿಟನ್ನಿನ ಅಲಸ್ಟೇರ್ ಕಾಕ್ರನ್ ಮತ್ತು ಜಾನ್ ಸ್ಟಾಬ್ಸ್ ಅವರ ‘ದಿ ಸರ್ಚ್ ಫಾರ್ ದಿ ಪರ್ಫೆಕ್ಟ್ ಸ್ವಿಂಗ್’ ಗಾಲ್ಫ್ ಹೊಡೆತವನ್ನು ಅಳೆದು ನೋಡಿತು. ಕೋಲಿನ ತಲೆ ಚೆಂಡನ್ನು ಮುಟ್ಟಿರುವುದು ಸೆಕೆಂಡಿನ ಸಾವಿರದ ಒಂದು ಭಾಗದ ಅರ್ಧದಷ್ಟು ಹೊತ್ತು ಮಾತ್ರ. ಆ ಕ್ಷಣದಲ್ಲಿ ಏನನ್ನೂ ತಿದ್ದಲಾಗದು, ತಿದ್ದುವುದೆಲ್ಲ ಅದಕ್ಕೆ ಮೊದಲೇ ಆಗಬೇಕು. ಚೆಂಡು ಹೊರಡುವ ದಿಕ್ಕನ್ನು ಹೆಚ್ಚಾಗಿ ನಿರ್ಧರಿಸುವುದು ಕೋಲಿನ ಮುಖ ತಿರುಗಿರುವ ದಿಕ್ಕೇ ಹೊರತು ಬೀಸಿನ ದಾರಿಯಲ್ಲ. ಆದರೂ ಬಹುಕಾಲ ಅನೇಕ ಗುರುಗಳು ಇದನ್ನು ತಲೆಕೆಳಗಾಗಿ ಕಲಿಸುತ್ತಿದ್ದರು. ಹಾರುವ ಚೆಂಡನ್ನು ಹಿಂಬಾಲಿಸುವ ರಾಡಾರ್ ಯಂತ್ರಗಳು 2000ದ ನಂತರ ಅಭ್ಯಾಸದ ಅಂಗಳಕ್ಕೆ ಬಂದ ಮೇಲೆ ಆ ತಪ್ಪು ಎಲ್ಲರ ಕಣ್ಣಿಗೂ ಬಿತ್ತು.

ಹೊಸಬರನ್ನು ಆಟದಲ್ಲಿ ಉಳಿಸಿಕೊಂಡ ಇನ್ನೊಂದು ಸಾಧನ ಹ್ಯಾಂಡಿಕ್ಯಾಪ್. ಬಲಹೀನ ಆಟಗಾರನಿಗೆ ಎಷ್ಟು ಬಿಟ್ಟುಕೊಟ್ಟರೆ ಪಂದ್ಯ ಸಮವಾದೀತು ಎಂದು ಕಿಂಕೇಡ್ ಕೂಡ ಲೆಕ್ಕ ಹಾಕಿದ್ದ. 2020ರಲ್ಲಿ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಗಂಡಸರಿಗೂ ಹೆಂಗಸರಿಗೂ ಗರಿಷ್ಠ ಮಿತಿ 54. ಹದಿನೆಂಟು ಕುಳಿಗಳಿಗೆ ಹಂಚಿದರೆ ಕುಳಿಗೆ ಮೂರು ಹೊಡೆತ.

ಬ್ರಿಟಿಷ್ ದ್ವೀಪಗಳಾಚೆ ಗಾಲ್ಫ್ ಮೊದಲು ನೆಲೆನಿಂತದ್ದು ಭಾರತದಲ್ಲಿ. ಕಲ್ಕತ್ತೆಯ ಕ್ಲಬ್ 1829ರದು, ಬೆಂಗಳೂರು ಗಾಲ್ಫ್ ಕ್ಲಬ್ 1876ರದು. ಇಲ್ಲಿ ನೋಡಿ ಕಲಿಯುವ ಹಳೆಯ ಸ್ಕಾಟಿಷ್ ದಾರಿಯನ್ನು ಉಳಿಸಿಕೊಂಡವರು ಆಟಗಾರರ ಚೀಲ ಹೊರುವ ಕ್ಯಾಡಿಗಳು. 1991ರಲ್ಲಿ ಇಂಡಿಯನ್ ಓಪನ್ ಗೆದ್ದ ಅಲಿ ಶೇರ್ ದಿಲ್ಲಿಯಲ್ಲಿ ಕ್ಯಾಡಿಯಾಗಿದ್ದವರು. 2009ರಲ್ಲಿ ಅದೇ ಪಂದ್ಯಾವಳಿ ಗೆದ್ದ ಸಿ. ಮುನಿಯಪ್ಪ ಬೆಂಗಳೂರಿನಲ್ಲಿ ಅದೇ ಕೆಲಸ ಮಾಡಿದವರು. ಹೇಳಿಕೊಡುವವರಿಲ್ಲದೆ, ಇತರರ ಹೊಡೆತಗಳನ್ನು ಕಣ್ಣಲ್ಲೇ ಅಳೆದು ಅಷ್ಟು ಎತ್ತರಕ್ಕೆ ಏರಿದ್ದು ಅಸಾಮಾನ್ಯ ಸಾಧನೆ.

ಇನ್ನೊಂದು ದಾರಿ ಅಭ್ಯಾಸದ ಅಂಗಳದ್ದು. ಬೆಂಗಳೂರಿನ ಅದಿತಿ ಅಶೋಕ್ ಐದರ ಆಸುಪಾಸಿನ ವಯಸ್ಸಿನಲ್ಲಿ, ತಂದೆತಾಯಿಯೊಂದಿಗೆ ತಿಂಡಿಗೆ ಹೋಗಿದ್ದಾಗ ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನ ಡ್ರೈವಿಂಗ್ ರೇಂಜ್ ಕಂಡು ಆಟಕ್ಕೆ ಬಂದವರು. ಆ ಮನೆಯಲ್ಲಿ ಅದಕ್ಕೆ ಮೊದಲು ಯಾರೂ ಗಾಲ್ಫ್ ಆಡಿರಲಿಲ್ಲ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರು ನಾಲ್ಕನೆಯ ಸ್ಥಾನ ಪಡೆದರು. 2016ರ ರಿಯೊದಲ್ಲಿ ಅವರ ಕ್ಯಾಡಿಯಾಗಿದ್ದವರು ತಂದೆ, ಟೋಕಿಯೊದಲ್ಲಿ ತಾಯಿ.