ಮೂರನೇ ಅಭ್ಯರ್ಥಿ

ಇಬ್ಬರು ಪ್ರಬಲರ ನಡುವಿನ ಚುನಾವಣೆಗೆ ಧುಮುಕಿ, ತಾನು ಗೆಲ್ಲದೆಯೂ ಫಲಿತಾಂಶವನ್ನು ಏರುಪೇರು ಮಾಡಬಲ್ಲ ಸ್ಪರ್ಧಿ. ಪಕ್ಷೇತರರು, ಟಿಕೆಟ್ ತಪ್ಪಿದ ಬಂಡಾಯಗಾರರು, ಸಣ್ಣ ಪಕ್ಷಗಳ ಹುರಿಯಾಳುಗಳು ಈ ಸಾಲಿಗೆ ಸೇರುತ್ತಾರೆ. ಇಂಥವರ ಪ್ರಭಾವ ಎಷ್ಟೆಂಬುದು ಅವರ ಜನಬಲದಷ್ಟೇ ಮತ ಎಣಿಸುವ ಪದ್ಧತಿಯನ್ನೂ ಅವಲಂಬಿಸಿದೆ.

ರಾಷ್ಟ್ರಪತಿ ಚುನಾವಣೆ: ಭಾರತದ ರಾಷ್ಟ್ರಪತಿಯನ್ನು ಚುನಾಯಿತ ಸಂಸದರೂ ಶಾಸಕರೂ ಪ್ರಾಶಸ್ತ್ಯ ಮತಗಳ ಮೂಲಕ ಆರಿಸುತ್ತಾರೆ. ಒಬ್ಬೊಬ್ಬರ ಮತಕ್ಕೂ ನಿಗದಿತ ಮೌಲ್ಯವಿದ್ದು, ಗೆಲ್ಲಲು ಸಿಂಧುವಾದ ಮತಗಳ ಒಟ್ಟು ಮೌಲ್ಯದ ಅರ್ಧಕ್ಕಿಂತ ಹೆಚ್ಚು ಬೇಕು. ಮೊದಲ ಎಣಿಕೆಯಲ್ಲಿ ಯಾರಿಗೂ ಅಷ್ಟು ದೊರೆಯದಿದ್ದರೆ ಕೊನೆಯ ಸ್ಥಾನದವರನ್ನು ಒಬ್ಬೊಬ್ಬರಾಗಿ ಕೈಬಿಟ್ಟು, ಅವರ ಮತಗಳನ್ನು ಮುಂದಿನ ಪ್ರಾಶಸ್ತ್ಯದಂತೆ ಉಳಿದವರಿಗೆ ಹಂಚಲಾಗುತ್ತದೆ.

1969ರಲ್ಲಿ ಇದು ನಿರ್ಣಾಯಕವಾಯಿತು. ಕಾಂಗ್ರೆಸ್ಸಿನ ಅಧಿಕೃತ ಅಭ್ಯರ್ಥಿ ನೀಲಂ ಸಂಜೀವ ರೆಡ್ಡಿ. ಅವರೆದುರು ಪಕ್ಷೇತರರಾಗಿ ವಿ.ವಿ. ಗಿರಿ, ಮೂರನೆಯವರು ಸ್ವತಂತ್ರ ಪಕ್ಷ ಮತ್ತು ಜನಸಂಘ ಬೆಂಬಲಿಸಿದ ಸಿ.ಡಿ. ದೇಶಮುಖ್. ದೇಶಮುಖ್ ಪಾಳೆಯದ ಎರಡನೇ ಪ್ರಾಶಸ್ತ್ಯ ರೆಡ್ಡಿಯವರಿಗೆ ದೊರೆಯಲೆಂದು ಕಾಂಗ್ರೆಸ್ ಅಧ್ಯಕ್ಷ, ಚಿತ್ರದುರ್ಗದ ಎಸ್. ನಿಜಲಿಂಗಪ್ಪ ಆ ಎರಡೂ ಪಕ್ಷಗಳ ನಾಯಕರನ್ನು ಸಂಪರ್ಕಿಸಿದರು. ಇದನ್ನೇ ಮುಂದುಮಾಡಿ ಪ್ರಧಾನಿ ಇಂದಿರಾ ಗಾಂಧಿ ಪಕ್ಷದ ಅಭ್ಯರ್ಥಿಗೆ ಕಟ್ಟುಬೀಳದೆ ಆತ್ಮಸಾಕ್ಷಿಯಂತೆ ಮತ ಹಾಕಲು ಕರೆ ನೀಡಿದರು. ಮೊದಲ ಎಣಿಕೆಯಲ್ಲಿ ಗಿರಿಗೆ 4,01,515, ರೆಡ್ಡಿಗೆ 3,13,548, ದೇಶಮುಖ್‌ಗೆ 1,12,769 ಮತಮೌಲ್ಯ ಬಂತು. ಮರುಹಂಚಿಕೆಯಲ್ಲಿ ಬಹುಪಾಲು ರೆಡ್ಡಿಯವರ ಕಡೆ ವಾಲಿದರೂ ಗಿರಿ 4,20,077 ತಲುಪಿ ಗೆದ್ದರು. ರೆಡ್ಡಿ 4,05,427ಕ್ಕೆ ನಿಂತರು. ಸುಮಾರು 88 ಸಾವಿರದಷ್ಟಿದ್ದ ಅಂತರ 14,650ಕ್ಕೆ ಇಳಿದಿತ್ತು. ಅದೇ ವರ್ಷದ ಕೊನೆಗೆ ಕಾಂಗ್ರೆಸ್ ಇಬ್ಭಾಗವಾಯಿತು.

ದಾವಣಗೆರೆ ಜಿಲ್ಲೆ: ವಿಧಾನಸಭೆ, ಲೋಕಸಭೆಗಳಲ್ಲಿ ಎರಡನೇ ಪ್ರಾಶಸ್ತ್ಯವಿಲ್ಲ, ಎಲ್ಲರಿಗಿಂತ ಒಂದು ಮತ ಹೆಚ್ಚು ಪಡೆದವರೇ ಗೆದ್ದಂತೆ. ಆದ್ದರಿಂದ ಇಲ್ಲಿ ಮತ ಒಡೆದರೆ ಪೆಟ್ಟು ನೇರ. 2013ರಲ್ಲಿ, ಬಿಜೆಪಿ ತೊರೆದಿದ್ದ ಬಿ.ಎಸ್. ಯಡಿಯೂರಪ್ಪನವರ ಕೆಜೆಪಿ ರಾಜ್ಯದಲ್ಲಿ ಗೆದ್ದದ್ದು 6 ಸ್ಥಾನ ಮಾತ್ರ, ಆದರೆ ಸುಮಾರು ಶೇ. 10ರಷ್ಟು ಮತ ಪಡೆಯಿತು. 2008ರಲ್ಲಿ ಬಿಜೆಪಿ ಗೆದ್ದಿದ್ದ ಚನ್ನಗಿರಿ, ಹೊನ್ನಾಳಿ, ಮಾಯಕೊಂಡ, ಮೂರೂ ಆ ಸಲ ಕಾಂಗ್ರೆಸ್ ಪಾಲಾದವು. 2014ರಲ್ಲಿ ಯಡಿಯೂರಪ್ಪ ಬಿಜೆಪಿಗೆ ಮರಳಿದರು. 2018ರಲ್ಲಿ ಮೂರೂ ಬಿಜೆಪಿಗೆ ಮರಳಿದವು.

2023ರಲ್ಲಿ ಚನ್ನಗಿರಿಯಲ್ಲಿ ಬಿಜೆಪಿ ಟಿಕೆಟ್ ಸಿಗದೆ ಪಕ್ಷೇತರರಾಗಿ ನಿಂತ ಮಾಡಾಳ್ ಮಲ್ಲಿಕಾರ್ಜುನ್ ಎರಡನೇ ಸ್ಥಾನ ಪಡೆದು, ಬಿಜೆಪಿಯ ಅಧಿಕೃತ ಅಭ್ಯರ್ಥಿಯನ್ನೇ ಮೂರನೆಯವರನ್ನಾಗಿ ಮಾಡಿದರು. ಗೆದ್ದವರು ಕಾಂಗ್ರೆಸ್ಸಿನ ಬಸವರಾಜು ವಿ. ಶಿವಗಂಗಾ. ಜಗಳೂರಿನಲ್ಲಿ ಬಂಡಾಯ ಕಾಂಗ್ರೆಸ್ಸಿನದು. ಮಾಜಿ ಶಾಸಕ ಎಚ್.ಪಿ. ರಾಜೇಶ್ ಪಕ್ಷೇತರರಾಗಿ 49 ಸಾವಿರಕ್ಕೂ ಹೆಚ್ಚು ಮತ ಪಡೆದರು. ಆದರೂ ಕಾಂಗ್ರೆಸ್ಸಿನ ಬಿ. ದೇವೇಂದ್ರಪ್ಪ ಬಿಜೆಪಿಯ ಎಸ್.ವಿ. ರಾಮಚಂದ್ರ ಅವರನ್ನು 874 ಮತಗಳಿಂದ ಮಣಿಸಿದರು.

ಅಮೆರಿಕದಲ್ಲಿ: ಅಲ್ಲಿ ಹೆಚ್ಚಿನ ರಾಜ್ಯಗಳು ಮುಂದಿರುವವರಿಗೇ ತಮ್ಮೆಲ್ಲ ಅಧ್ಯಕ್ಷೀಯ ಮತದಾರರನ್ನು (ಅಧ್ಯಕ್ಷರನ್ನು ಅಂತಿಮವಾಗಿ ಆರಿಸುವ ಪ್ರತಿನಿಧಿಗಳನ್ನು) ಕೊಡುತ್ತವೆ. 1992ರಲ್ಲಿ ರಾಸ್ ಪೆರೋ ದೇಶದ ಸುಮಾರು ಶೇ. 19ರಷ್ಟು ಮತ ಗಳಿಸಿಯೂ ಒಬ್ಬ ಅಧ್ಯಕ್ಷೀಯ ಮತದಾರನನ್ನೂ ಪಡೆಯಲಿಲ್ಲ. 2000ದಲ್ಲಿ ಫ್ಲಾರಿಡಾದಲ್ಲಿ ಜಾರ್ಜ್ ಬುಷ್ 537 ಮತಗಳಿಂದ ಗೆದ್ದಾಗ ಗ್ರೀನ್ ಪಕ್ಷದ ರಾಲ್ಫ್ ನೇಡರ್‌ಗೆ ಅಲ್ಲಿ 97 ಸಾವಿರಕ್ಕೂ ಹೆಚ್ಚು ಮತ ಬಿದ್ದಿದ್ದವು.

ಅಳತೆಯ ತೊಡಕು: ಮೂರನೆಯವರ ಮತ ಗೆಲುವಿನ ಅಂತರಕ್ಕಿಂತ ಹೆಚ್ಚಿದ್ದ ಮಾತ್ರಕ್ಕೆ ಅವರೇ ಫಲಿತಾಂಶ ಬದಲಿಸಿದರು ಎನ್ನಲಾಗದು. ಅವರ ಬೆಂಬಲಿಗರೆಲ್ಲ ಒಂದೇ ಕಡೆ ಹೋಗುತ್ತಿರಲಿಲ್ಲ. ಕೆಲವರು ಮತಗಟ್ಟೆಗೇ ಬರುತ್ತಿರಲಿಲ್ಲ. 2024ರ ದಾವಣಗೆರೆ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಟಿಕೆಟ್ ಬಯಸಿದ್ದ ಜಿ.ಬಿ. ವಿನಯ್ ಕುಮಾರ್ ಪಕ್ಷೇತರರಾಗಿ 42 ಸಾವಿರಕ್ಕೂ ಹೆಚ್ಚು ಮತ ಪಡೆದರೂ, ಗೆದ್ದವರು ಕಾಂಗ್ರೆಸ್ಸಿನ ಡಾ. ಪ್ರಭಾ ಮಲ್ಲಿಕಾರ್ಜುನ್, ಗೆಲುವಿನ ಅಂತರ 26,094.