ಗಡೀಪಾರಾದವನ ನೀಲಯಾನ

ವಿಹಾರನೌಕೆ ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಸಿರಿವಂತರ ಚಿತ್ರ: ಬಿಳಿಯ ಹಾಯಿ, ತಂಪು ಪಾನೀಯ, ಕೆಲಸವಿಲ್ಲದ ಮಧ್ಯಾಹ್ನ. ತುರ್ಕಿ ದೇಶದ ನೈಋತ್ಯ ಕರಾವಳಿಯಲ್ಲಿ, ಬೋದ್ರುಮ್ ಮೊದಲಾದ ಊರುಗಳಿಂದ ಹೊರಟು ಕೊಲ್ಲಿಯಿಂದ ಕೊಲ್ಲಿಗೆ ಸಾಗುವ ಇಂಥ ವಿಹಾರಕ್ಕೆ ‘ನೀಲಯಾನ’ ಎಂದೇ ಹೆಸರಾಗಿದೆ. ಪ್ರವಾಸವನ್ನು ಮಾರುವವರ ಹಸ್ತಪತ್ರಿಕೆಗಳಲ್ಲೆಲ್ಲ ಆ ಹೆಸರುಂಟು. ಆದರೆ ಅದನ್ನು ಮೊದಲು ಯೋಜಿಸಿದವರು ಕೆಲವು ಸಾಹಿತಿಗಳು. ಅವರಿಗೆ ದಾರಿ ತೋರಿದವನು ಶಿಕ್ಷೆಯಾಗಿ ಆ ಕಡಲಿನ ದಡಕ್ಕೆ ಬಂದವನು.

ಆತನ ಹೆಸರು ಜೆವಾತ್ ಷಾಕಿರ್ ಕಬಾಆಚ್ಲಿ. ಪಾಷಾ ಮನೆತನದವನು, ಆಕ್ಸ್‌ಫರ್ಡಿನಲ್ಲಿ ಓದಿದವನು. ಅವನ ಬಾಳು ಸರಳವಾದುದಲ್ಲ. 1914ರಲ್ಲಿ ತಂದೆ ಅವನ ಗುಂಡಿಗೆ ಬಲಿಯಾದನು. ಮಗ ಏಳು ವರ್ಷ ಸೆರೆಯಲ್ಲಿದ್ದನು. 1925ರಲ್ಲಿ, ಸೈನ್ಯದಿಂದ ಓಡಿಬಂದವರನ್ನು ವಿಚಾರಣೆಯಿಲ್ಲದೆ ಗಲ್ಲಿಗೇರಿಸಿದ ಸಂಗತಿಯನ್ನು ಬರೆದುದಕ್ಕಾಗಿ ಹೊಸ ಗಣರಾಜ್ಯದ ನ್ಯಾಯಮಂಡಲಿ ಅವನಿಗೆ ಬೋದ್ರುಮ್‌ನಲ್ಲಿ ಮೂರು ವರ್ಷಗಳ ಕೋಟೆವಾಸವನ್ನು ವಿಧಿಸಿತು. ರಸ್ತೆಯೇ ಸರಿಯಾಗಿಲ್ಲದ ಆ ಊರನ್ನು ತಲಪಲು ತಿಂಗಳುಗಳೇ ಹಿಡಿದವು. ಹೋಗಿ ನೋಡಿದರೆ ಎದುರಿಗೆ ಆ ನೀಲಿ! ಕೋಟೆಯೊಳಗೆ ಕೂಡಿಹಾಕದೆ ಅವನನ್ನು ಕಡಲಂಚಿನ ಮನೆಯೊಂದರಲ್ಲಿ ಇರಗೊಟ್ಟರು. ಶಿಕ್ಷೆಯ ಉಳಿದ ಭಾಗವನ್ನು ಇಸ್ತಾಂಬುಲ್‌ನಲ್ಲಿ ಕಳೆಯುವಂತೆ ಆಜ್ಞೆಯಾಯಿತು. ಅದು ಮುಗಿದೊಡನೆ ಅವನು ಯಾರೂ ಹೇಳದೆ ತಾನಾಗಿಯೇ ಬೋದ್ರುಮ್‌ಗೆ ಮರಳಿದನು. ಸರ್ಕಾರಗಳು ಶಿಕ್ಷೆ ವಿಧಿಸುವಾಗ ಭೂಗೋಳವನ್ನು ಇನ್ನಷ್ಟು ಎಚ್ಚರಿಕೆಯಿಂದ ಓದಬೇಕೆಂದು ತೋರುತ್ತದೆ.

ಬೋದ್ರುಮ್‌ನ ಪ್ರಾಚೀನ ನಾಮ ಹಾಲಿಕಾರ್ನಾಸಸ್. ಇತಿಹಾಸಕಾರ ಹೆರೊಡೋಟಸ್ ಹುಟ್ಟಿದ ಊರು. ಬಿ.ಎಂ.ಶ್ರೀಯವರ ‘ಪಾರಸಿಕರು’ ನಾಟಕವನ್ನು ಓದಿದವರಿಗೆ ಸಾಲಮಿಸ್ ಕದನ ಪರಿಚಿತವಷ್ಟೆ, ಕ್ರಿ.ಪೂ. 480ರ ಆ ಕದನದಲ್ಲಿ ಪಾರಸಿಕರ ಪಕ್ಷದಲ್ಲಿ ಹಡಗು ನಡೆಸಿದ ರಾಣಿ ಆರ್ಟೆಮಿಸಿಯ ಇಲ್ಲಿಯವಳೇ. ಷಾಕಿರ್ ಆ ಹಳೆಯ ಹೆಸರನ್ನೆತ್ತಿಕೊಂಡು ‘ಹಾಲಿಕಾರ್ನಾಸಸ್‌ನ ಬೆಸ್ತ’ ಎಂಬ ಕಾವ್ಯನಾಮದಿಂದ ಬರೆಯತೊಡಗಿದನು. ಸ್ಪಂಜು ತೆಗೆಯಲು ಮುಳುಗುವವರು, ಮೀನುಗಾರರು ಅವನ ಕಥೆಗಳ ನಾಯಕರಾದರು.

1940ರ ದಶಕದ ನಡುವೆ ಅವನ ಮಿತ್ರರು ಅವನೊಡನೆ ದೋಣಿಯೇರಿದರು. ವಿಮರ್ಶಕ ಸಬಾಹತ್ತಿನ್ ಎಯೂಬೋಲು ಅವರಲ್ಲಿ ಮುಖ್ಯನು. ಗ್ರೀಕ್ ಬಲ್ಲ ಅಜ್ರಾ ಎರ್ಹಾತ್ ಮುಂದಿನ ಯಾನಗಳಲ್ಲಿ ಸೇರಿಕೊಂಡಳು. ‘ಇಲಿಯಡ್’ ಅನ್ನು ಕವಿಯೊಬ್ಬನ ಜೊತೆಗೂಡಿ ತುರ್ಕಿ ಭಾಷೆಗೆ ತಂದವಳು ಈಕೆಯೇ. ಅವರ ಸಿದ್ಧತೆಯನ್ನು ಕೇಳಿ: ಗಿಣ್ಣು, ನೀರು, ಒಣರೊಟ್ಟಿ, ಹೊಗೆಸೊಪ್ಪು, ಒಂದಿಷ್ಟು ಮದ್ಯ. ವೃತ್ತಪತ್ರಿಕೆಯಾಗಲಿ ರೇಡಿಯೋ ಆಗಲಿ ಕೂಡದೆಂದು ನಿಯಮವಿತ್ತಂತೆ. ರೇಡಿಯೋದಲ್ಲಿ ನಿಂತು ಇದನ್ನು ಹೇಳುವುದು ನನಗೆ ಸ್ವಲ್ಪ ಸಂಕೋಚವೇ! ಮಲಗಲು ದೋಣಿಯ ಹಲಗೆ, ಹೊದೆಯಲು ಆಕಾಶ.

ಆದರೆ ಗಾಳಿಯ ಲೆಕ್ಕವನ್ನು ಮಾತ್ರ ಯಾರೂ ಬಿಡುವಂತಿರಲಿಲ್ಲ, ಈಗಲೂ ಇಲ್ಲ. ಬೇಸಗೆಯ ಆ ತೀರದಲ್ಲಿ ವಾಯವ್ಯದಿಂದ ಬೀಸುವ ಗಾಳಿಗೆ ‘ಮೆಲ್ತೆಮ್’ ಎಂದು ಹೆಸರು. ಬೆಳಗ್ಗೆ ಮೃದು, ಮಧ್ಯಾಹ್ನಕ್ಕೆ ರಭಸ, ಇರುಳಿಗೆ ಸಾಮಾನ್ಯವಾಗಿ ತಗ್ಗುತ್ತದೆ. ಗ್ಯೊಕೊವಾ ಕೊಲ್ಲಿ ಪಶ್ಚಿಮಕ್ಕೆ ಬಾಯ್ದೆರೆದಿದೆ. ಒಳಕ್ಕೆ ಸಾಗುವಾಗ ಗಾಳಿ ಬೆನ್ನು ತಟ್ಟುತ್ತದೆ, ಹಿಂದಿರುಗುವಾಗ ಎದೆಗೆ ಗುದ್ದುತ್ತದೆ. ಆದುದರಿಂದ ಪಶ್ಚಿಮಾಭಿಮುಖ ಪಯಣವನ್ನು ನಸುಕಿನಲ್ಲೇ ತೊಡಗಿ, ಬಿಸಿಲೇರುವ ಮೊದಲು ಮರೆಯಾದ ಕೊಲ್ಲಿಯೊಂದರಲ್ಲಿ ಲಂಗರು ಹಾಕಬೇಕು. ಈ ವಿವೇಕ ಹೊಸದಲ್ಲ. ಸಂತ ಪೌಲನನ್ನು ಸೆರೆಯಾಳಾಗಿ ರೋಮಿಗೆ ಒಯ್ಯುತ್ತಿದ್ದ ಹಡಗು ಇದೇ ತೀರದ ಮೀರಾದಿಂದ ಹೊರಟು, ಬಹಳ ದಿನ ತೆವಳಿ, ಕ್ನಿಡಸ್‌ನ ಎದುರಿಗೆ ಬರುವಷ್ಟರಲ್ಲಿ ಗಾಳಿ ಮುಂದೆ ಬಿಡಲಿಲ್ಲವೆಂದು ಬೈಬಲ್ ಹೇಳುತ್ತದೆ. ಹಡಗು ಕ್ರೀಟ್‌ನ ಮರೆಗೆ ತಿರುಗಿತು; ಕೊನೆಗೆ ಮಾಲ್ಟಾದಲ್ಲಿ ಒಡೆಯಿತು. ಆ ಕ್ನಿಡಸ್‌ನ ಅವಳಿ ಬಂದರುಗಳಲ್ಲಿ ಇಂದಿಗೂ ನೌಕೆಗಳು ಗಾಳಿಗಾಗಿ ಕಾಯುವುದುಂಟು.

ಇಷ್ಟು ಕಷ್ಟಪಟ್ಟು ಇವರು ಹುಡುಕಿದುದೇನನ್ನು? ದಡದ ಮೇಲೆ ಬಿದ್ದಿರುವ ಕಂಬಗಳು ಪರಕೀಯರವಲ್ಲ, ಈ ನೆಲದವು. ಹೋಮರ್, ಹೆರೊಡೋಟಸ್ ಅನಟೋಲಿಯದ ಮಕ್ಕಳು. ಆದುದರಿಂದ ಇಂದಿನ ತುರ್ಕರೂ ಅವರ ವಾರಸುದಾರರು ಎಂಬುದು ಅವರ ವಾದ. ಉದಾರವಾದ ಮಾತು, ಸಂಕುಚಿತ ರಾಷ್ಟ್ರೀಯತೆಗೆ ಒಳ್ಳೆಯ ಮದ್ದು. ಆದರೂ ನನ್ನ ಮನಸ್ಸು ಒಂದೆಡೆ ತಡೆಯುತ್ತದೆ. 1923ರ ಒಪ್ಪಂದದಂತೆ ನಡೆದ ಜನವಿನಿಮಯದಲ್ಲಿ ಗ್ರೀಕ್ ಕ್ರೈಸ್ತರು ಈ ತೀರವನ್ನು ತೊರೆಯಬೇಕಾಯಿತು. ಕ್ರೀಟ್‌ನ ಮುಸಲ್ಮಾನರು ಬೋದ್ರುಮ್‌ಗೆ ಬಂದು ನೆಲಸಿದರು. ಎರಡು ಸಾವಿರ ವರ್ಷ ಹಿಂದಿನ ಗ್ರೀಕರನ್ನು ಆಲಂಗಿಸುವುದು ಸುಲಭ. ಇಪ್ಪತ್ತು ವರ್ಷ ಹಿಂದೆ ಹೊರಟುಹೋದ ನೆರೆಯವನನ್ನು ನೆನೆಯುವುದು ಕಷ್ಟ. ಆ ಕಷ್ಟದ ಕೆಲಸವನ್ನು ಈ ವಾದ ಸಾಕಷ್ಟು ಮಾಡಲಿಲ್ಲ.

ಎರ್ಹಾತಳ ‘ನೀಲಯಾನ’ ಪುಸ್ತಕ 1962ರಲ್ಲಿ ಹೊರಬಂದ ಮೇಲೆ ಆ ಹೆಸರು ಮನೆಮಾತಾಯಿತು. 1971ರಲ್ಲಿ ಸೈನ್ಯ ರಾಜಕೀಯದೊಳಗೆ ಕೈಹಾಕಿದಾಗ ಎಯೂಬೋಲು, ಎರ್ಹಾತ್ ಇಬ್ಬರನ್ನೂ ಬಂಧಿಸಿದರು, ಅನಂತರ ಬಿಡುಗಡೆಯಾಯಿತು. ಎಯೂಬೋಲು 1973ರ ಜನವರಿಯಲ್ಲಿ ತೀರಿಕೊಂಡನು. ‘ಬೆಸ್ತ’ ಅದೇ ವರ್ಷ ಅಕ್ಟೋಬರಿನಲ್ಲಿ. ಬೋದ್ರುಮ್‌ನಲ್ಲೇ ಅವನ ಸಮಾಧಿಯಿದೆ.

ಎಯೂಬೋಲುವಿನ ತಮ್ಮ, ಕವಿ ಹಾಗೂ ಚಿತ್ರಕಾರ ಬೆದ್ರಿ ರಹ್ಮಿ, ಇಂಥದೊಂದು ಯಾನದಲ್ಲಿ ಗ್ಯೊಜೆಕ್ ಬಳಿಯ ಕೊಲ್ಲಿಯೊಂದರ ಬಂಡೆಯ ಮೇಲೆ ಮೀನೊಂದನ್ನು ಬರೆದನು. ಇಂದಿನ ದೊಡ್ಡ ನೌಕೆಗಳು ಅಲ್ಲಿ ಲಂಗರು ಹಾಕುತ್ತವೆ. ಆ ಕೊಲ್ಲಿಯನ್ನು ನಾವಿಕರು ಕರೆಯುವುದು ಅವನ ಹೆಸರಿನಿಂದಲೇ.